ಹತ್ತು ರೂಪಾಯಿ ವಾಸರ್ ಮತ್ತು ಒಂದು ಟ್ಯಾಂಕರ್ ನೀರು

ಮಾನ್ಯ ಸಂಪಾದಕರೇ,

ನಮಸ್ಕಾರ. ಬೇಸಿಗೆ ಬಂತೆಂದರೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಖಾಲಿ ಕೊಡಗಳ ಸಾಲು, ತಲೆ ಮೇಲೆ ಸೆರಗು ಹೊದ್ದ ನಾಲ್ಕು ಹೆಣ್ಣುಮಕ್ಕಳು, ಹಿಂದೆ ಒಂದು ಟ್ಯಾಂಕರ್. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನೂ ಆ ಸಾಲಿನಲ್ಲಿ ಕೊಡ ಇಟ್ಟವನೇ. ಆದರೆ ಅದೇ ದಿನ, ಅದೇ ಊರಿನಲ್ಲಿ ಇನ್ನೊಂದು ಫೋಟೊ ಸಿಗುತ್ತದೆ, ನಮ್ಮ ಮನೆಗಳ ನಳ, ಫ್ಲಶ್ಶು, ಟ್ಯಾಂಕುಗಳಿಂದ ಸುಮ್ಮನೆ ಹರಿದು ಹೋಗುವ ನೀರಿನದು, ಅದನ್ನು ಯಾರೂ ತೆಗೆಯುವುದಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದವಾಗಿದೆ. ಕತ್ತರಿಸಲೇಬೇಕಾದರೆ ನನ್ನ ಮಾತು ಕತ್ತರಿಸಿ, ಲೆಕ್ಕ ಮಾತ್ರ ಬಿಡಬೇಡಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ವಿಜಯಪುರದವನೇ. ಕೈಯಲ್ಲಿ ಕೆಲಸವಿಲ್ಲ, ಅಳೆಯುವ ಚಟ ಮಾತ್ರ ಉಳಿದಿದೆ. ಹೋದ ವರ್ಷ ಬಚ್ಚಲಮನೆಯ ನಳ ರಾತ್ರಿಯೆಲ್ಲ ತೊಟ್ಟಿಕ್ಕಲು ಶುರುಮಾಡಿತು. ನಿದ್ದೆ ಬರುತ್ತಿಲ್ಲ ಅಂತ ಮನೆಯವರು ಅದರ ಕೆಳಗೆ ಒಂದು ಬಟ್ಟೆ ಹಾಕಿದರು, ಸದ್ದು ನಿಂತಿತು, ಇಬ್ಬರೂ ಸುಮ್ಮನಾದೆವು. ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಬಗೆಹರಿಯುವುದೇ ಹೀಗೆ ಅನ್ನಿ. ಎಂಟು ದಿನ ಆದ ಮೇಲೆ ನನಗೇ ನಾಚಿಕೆಯಾಗಿ ರಾತ್ರಿ ಹತ್ತಕ್ಕೆ ನಳದ ಕೆಳಗೆ ಕೊಡ ಇಟ್ಟೆ. ಬೆಳಿಗ್ಗೆ ಆರಕ್ಕೆ ಅಳೆದರೆ ಐದು ಲೀಟರ್! ಅಂದರೆ ದಿನಕ್ಕೆ ಹದಿನೈದು, ವರ್ಷಕ್ಕೆ ಐದೂವರೆ ಸಾವಿರ ಲೀಟರ್ ಹತ್ತಿರ. ನಮ್ಮ ಓಣಿಗೆ ಬರುವ ಟ್ಯಾಂಕರ್ ಹಿಡಿಯುವುದು ಐದು ಸಾವಿರ.

ಪ್ಲಂಬರ್ ಹುಡುಗ ಬಂದ. ನನ್ನ ಹಳೇ ವಿದ್ಯಾರ್ಥಿ. ನಳ ಬಿಚ್ಚಿ ಒಳಗಿನ ರಬ್ಬರ್ ಬಿಲ್ಲೆ ತೆಗೆದು ನನ್ನ ಅಂಗೈ ಮೇಲೆ ಇಟ್ಟ. "ಸರ, ಇದು ನೋಡ್ರಿ, ವಾಸರ್ ಪೂರಾ ಸವದೈತಿ. ನೀವು ದಿನಾ ಜಗ್ಗಿ ಜಗ್ಗಿ ಬಿಗಿ ಮಾಡೀರಿ, ಹಿಂಗಾಗಿ ಅದು ಕೂಡೋ ಕೆಳಗಿನ ಹಿತ್ತಾಳಿ ಸೀಟೂ ಹೋಗೈತಿ." ಹತ್ತು ರೂಪಾಯಿ ವಾಸರ್‌ನಲ್ಲಿ ಮುಗಿಯುವ ಕೆಲಸವನ್ನು ನಾನೇ ಬಲ ಹಾಕಿ ತಿರುಗಿಸಿ ಕೆಡಿಸಿದ್ದೆ. ಕೊನೆಗೆ ನಳವನ್ನೇ ಬದಲಿಸಬೇಕಾಯಿತು. ಹೊಸದು ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ, ಮುಚ್ಚುವ ನಮೂನೆಯದು. ಅದರೊಳಗೆ ರಬ್ಬರ್ ವಾಸರ್ ಇಲ್ಲ, ಎರಡು ಸಿರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಬಿಗಿ ಮಾಡುವ ಕೆಲಸವೇ ಇಲ್ಲ. ಆದರೆ ಟ್ಯಾಂಕಿನ ತಳದ ಉಸುಕು ಇಳಿದು ಬಂದರೆ ಆ ಬಿಲ್ಲೆಗಳ ಮೇಲೆ ಗೀರು ಬೀಳುತ್ತದೆ, ಆಗ ಅದೂ ಸೋರುತ್ತದೆ. ಹಾಗಾಗಿ ಹೊಸ ನಳ ಹಾಕಿಸುವ ಮುಂಚೆ ಟ್ಯಾಂಕ್ ತೊಳೆಸಿ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಆವತ್ತಿನಿಂದ ನನಗೆ ಹುಚ್ಚು ಹತ್ತಿತು. ಮನೆಯಲ್ಲಿ ನೀರು ಎಲ್ಲೆಲ್ಲಿ ಹೋಗುತ್ತದೆ ಅಂತ ಒಂದು ವಾರ ಬಕೆಟ್ ಹಿಡಿದು ತಿರುಗಿದೆ. ಸೊಸೆ ನಗುತ್ತಿದ್ದಳು. ಪಾಯಿಖಾನೆಯ ಲೆಕ್ಕ ಹೇಳಿದ ಮೇಲೆ ಅವಳ ನಗು ನಿಂತಿತು.

ನಮ್ಮ ಮನೆ ಕಟ್ಟಿದ್ದು 1989ರಲ್ಲಿ. ಮೇಲೆ ಗೋಡೆಗೆ ಬಡಿದ ಬೀಡು ಕಬ್ಬಿಣದ ಫ್ಲಶ್ ಟ್ಯಾಂಕ್, ಸರಪಳಿ ಜಗ್ಗಿದರೆ ಧಡಾರ್ ಅಂತ ಇಡೀ ಓಣಿಗೆ ಕೇಳುವಂಥದ್ದು. ಅಳೆದರೆ ಒಂದು ಸಲಕ್ಕೆ ಹನ್ನೆರಡು ಲೀಟರ್. ಮೂತ್ರಕ್ಕೆ ಹೋದರೂ ಹನ್ನೆರಡೇ, ಅದಕ್ಕೆ ಬೇರೆ ಗೊತ್ತೇ ಇಲ್ಲ. ನಾವು ಐದು ಜನ, ಒಬ್ಬೊಬ್ಬರು ದಿನಕ್ಕೆ ಐದು ಸಲ ಅಂದುಕೊಳ್ಳಿ, ಇಪ್ಪತ್ತೈದು ಸಲಕ್ಕೆ ಮುನ್ನೂರು ಲೀಟರ್ ಆಯ್ತು. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಸರ್ಕಾರವೇ ಯೋಜನೆ ಹಾಕುವಾಗ ಹಿಡಿಯುವ ಲೆಕ್ಕ. ಆ ಪ್ರಕಾರ ನಮ್ಮ ಐವರಿಗೆ 675. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ, ಕುಡಿಯಲು ಯೋಗ್ಯವಾದ ಕೃಷ್ಣೆಯ ನೀರು, ಸರಪಳಿ ಜಗ್ಗಿ ಗಟಾರಕ್ಕೆ ಬಿಟ್ಟಂತಾಯಿತು.

ಈಗ ಎರಡು ಗುಂಡಿಯ ಟ್ಯಾಂಕ್ ಎಲ್ಲ ಕಡೆ ಸಿಗುತ್ತದೆ. ಚಿಕ್ಕದು ಒತ್ತಿದರೆ ಮೂರು ಲೀಟರ್, ದೊಡ್ಡದು ಒತ್ತಿದರೆ ಆರು. ತಂದು ಹಾಕಿಸಿದೆ. ಇಲ್ಲೊಂದು ಎಡವಟ್ಟಾಯಿತು, ಹೇಳದೆ ಮುಚ್ಚಿಡುವುದು ಸರಿಯಲ್ಲ. ಹಳೇ ಕಾಲದ ಪಾಯಿಖಾನೆ ಬೇಸನ್ ಮಾಡಿರುವುದೇ ಹತ್ತು ಹನ್ನೆರಡು ಲೀಟರ್ ರಭಸಕ್ಕೆ. ಆರು ಲೀಟರ್‌ಗೆ ಅದು ಸ್ವಚ್ಛವಾಗಿ ತೊಳೆದು ಹೋಗಲಿಲ್ಲ. ಎರಡು ಸಲ ಒತ್ತಬೇಕಾಯಿತು, ಅಲ್ಲಿಗೆ ಉಳಿತಾಯ ಗೋತಾ. ಹುಡುಗ ಬಂದು ಒಳಗಿನ ಫ್ಲೋಟ್, ಅಂದರೆ ತೇಲುವ ಗುಂಡು, ಎತ್ತರಿಸಿ ಎಂಟು ಮತ್ತು ನಾಲ್ಕು ಲೀಟರ್‌ಗೆ ಕೂರಿಸಿಕೊಟ್ಟ. ಈಗ ಸರಿ ಇದೆ. ಆದರೆ ಪಾಯಿಖಾನೆ ಹೊಸದಾಗಿ ಕಟ್ಟಿಸುವವರು ಬೇಸನ್ ಮತ್ತು ಟ್ಯಾಂಕ್ ಎರಡನ್ನೂ ಜೋಡಿಯಾಗಿಯೇ ತೆಗೆದುಕೊಳ್ಳಿ, ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ನನ್ನ ಹಾಗೆ ಪರದಾಡುತ್ತೀರಿ.

ಎಂಟು-ನಾಲ್ಕರ ಲೆಕ್ಕ ಮಾಡಿದರೂ, ಒಬ್ಬೊಬ್ಬರಿಗೆ ದಿನಕ್ಕೆ ದೊಡ್ಡದು ಒಂದು ಸಲ, ಚಿಕ್ಕದು ನಾಲ್ಕು ಸಲ ಅಂತ ಹಿಡಿದರೆ, ನಮ್ಮ ಮನೆಯಲ್ಲಿ ಮುನ್ನೂರು ಇದ್ದದ್ದು 120ಕ್ಕೆ ಇಳಿಯಬೇಕು. ದಿನಕ್ಕೆ 180 ಲೀಟರ್ ಉಳಿದರೆ ತಿಂಗಳಿಗೆ 5,400. ಎಲ್ಲರೂ ಪ್ರತಿ ಸಲ ಸರಿಯಾದ ಗುಂಡಿಯನ್ನೇ ಒತ್ತುತ್ತಾರಾ? ಇಲ್ಲ. ಮೊಮ್ಮಗ ಎರಡೂ ಕೂಡಿಸಿ ಒತ್ತುತ್ತಾನೆ, ಅವನಿಗೆ ಅದು ಆಟ. ಅದಕ್ಕೆ ಒಂದು ಸಾವಿರ ಕಳೆಯಿರಿ. ಆದರೂ ತಿಂಗಳಿಗೆ ಹತ್ತಿರ ಹತ್ತಿರ ಒಂದು ಟ್ಯಾಂಕರ್. ಟ್ಯಾಂಕ್ ಬದಲಿಸಲು ದುಡ್ಡಿಲ್ಲದಿದ್ದರೆ ಒಂದು ಲೀಟರ್ ಬಾಟಲಿಗೆ ಉಸುಕು, ನೀರು ತುಂಬಿ ಮುಚ್ಚಳ ಬಿಗಿದು ಹಳೇ ಟ್ಯಾಂಕಿನೊಳಗೆ ನಿಲ್ಲಿಸಿ, ಪ್ರತಿ ಸಲ ಒಂದು ಲೀಟರ್ ಉಳಿಯಿತು. ಇಟ್ಟಂಗಿ ಹಾಕಬೇಡಿ. ಅದು ನೀರಿನಲ್ಲಿ ಕರಗಿ ಪುಡಿಯಾಗಿ ವಾಸರ್ ಕೆಡಿಸುತ್ತದೆ.

ಕೆಲವರು ಕೇಳಬಹುದು, ನಮ್ಮ ಮನೆಯಲ್ಲಿ ಫ್ಲಶ್ಶೇ ಇಲ್ಲ, ಬಕೆಟ್ಟು ಚೊಂಬು ಅಷ್ಟೇ ಅಂತ. ನಿಮಗೆ ನಮಸ್ಕಾರ, ನೀವು ನಮಗಿಂತ ಮೊದಲೇ ನೀರು ಉಳಿಸುತ್ತಿದ್ದೀರಿ. ಈ ಪತ್ರ ನಿಮಗಲ್ಲ. ಎರಡಂತಸ್ತು ಏರಿಸಿ, ಮೂರು ಅಟ್ಯಾಚ್ಡ್ ಬಾತ್‌ರೂಮ್ ಮಾಡಿಸಿ, ಮತ್ತೆ ಬೇಸಿಗೆಯಲ್ಲಿ ನೀರಿಲ್ಲ ಅಂತ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗುವ ನನ್ನಂಥವರಿಗೆ.

ಫ್ಲಶ್ ಟ್ಯಾಂಕಿನದು ಇನ್ನೊಂದು ಕಳ್ಳತನ ಇದೆ. ನಳ ಸೋರಿದರೆ ಸದ್ದಾದರೂ ಕೇಳುತ್ತದೆ. ಟ್ಯಾಂಕಿನ ತಳದ ವಾಸರ್ ಸವೆದರೆ ನೀರು ಬೇಸನ್ ಗೋಡೆಗೆ ಅಂಟಿಕೊಂಡು ತೆಳ್ಳಗೆ ಇಳಿಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೇಲೆ ನೀರು ಬಿಟ್ಟು ನಿಲ್ಲಿಸುವ ತೇಲುಗುಂಡಿನ ನಳ, ಅಂದರೆ ಬಾಲ್‌ಕಾಕ್ ತುಂಬಿಸುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಡಿ, ಇಪ್ಪತ್ತು ನಿಮಿಷ ಯಾರೂ ಒಳಗೆ ಹೋಗಬೇಡಿ. ಫ್ಲಶ್ ಮಾಡದೆಯೇ ಬೇಸನ್‌ನಲ್ಲಿ ನೀಲಿ ಕಂಡರೆ ಟ್ಯಾಂಕ್ ಸೋರುತ್ತಿದೆ ಅಂತ ಲೆಕ್ಕ. ನಮ್ಮ ಓಣಿಯಲ್ಲಿ ಹನ್ನೊಂದು ಮನೆಗೆ ನೀಲಿ ಬಾಟಲಿ ಹಿಡಿದು ಹೋದೆ. ನಾಲ್ಕು ಮನೆಯಲ್ಲಿ ನೀಲಿ ಕಂಡಿತು. ಒಬ್ಬರಂತೂ "ಸರ, ನಮ್ಮ ಟ್ಯಾಂಕ್ ಚೊಲೋ ಕಂಪನಿದು, ಸೋರಂಗಿಲ್ಲ" ಅಂತ ಬಾಗಿಲಲ್ಲೇ ನಿಲ್ಲಿಸಿದ್ದರು. ಅವರದೇ ಎಲ್ಲಕ್ಕಿಂತ ಜಾಸ್ತಿ ನೀಲಿ.

ಈಗ ಏರಿಯೇಟರ್ ಮಾತು. ನಳದ ಬಾಯಿಗೆ ತಿರುಗಿಸಿ ಕೂರಿಸುವ ಸಣ್ಣ ಜರಡಿ ಅದು, ನೀರಿಗೆ ಗಾಳಿ ಬೆರೆಸಿ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬಿಸಿ ತಟ್ಟಿದಾಗ ಅಲ್ಲಿನ ಜಲಮಂಡಳಿ ಹೋಟೆಲ್ಲು, ಮಾಲು, ಅಪಾರ್ಟ್‌ಮೆಂಟುಗಳ ನಳಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ನಮ್ಮ ಅಡುಗೆಮನೆಯ ನಳ ಹತ್ತು ಲೀಟರ್ ಬಕೆಟ್ಟನ್ನು ನಲವತ್ತು ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ ಹದಿನೈದು ಲೀಟರ್. ಜರಡಿ ಹಾಕಿದ ಮೇಲೆ ಆರು. ಪಾತ್ರೆ ತೊಳೆಯುವುದಕ್ಕೆ ಏನೂ ತೊಂದರೆ ಇಲ್ಲ. ಆದರೆ ಸ್ನಾನದ ನಳಕ್ಕೆ ಇದನ್ನು ಹಾಕಿ ಪ್ರಯೋಜನವಿಲ್ಲ. ಬಕೆಟ್ ತುಂಬಲು ಬಕೆಟ್ಟಿನಷ್ಟೇ ನೀರು ಬೇಕು, ಬೇಗ ತುಂಬಿದರೇನು, ನಿಧಾನ ತುಂಬಿದರೇನು? ಸಿಂಕಿಗೆ, ಮುಖ ತೊಳೆಯುವ ಬೇಸಿನ್‌ಗೆ ಮಾತ್ರ ಸಾಕು.

ನಮ್ಮ ಕಡೆ ಇದಕ್ಕೆ ಒಂದು ಶತ್ರು ಇದೆ, ಬೋರಿನ ಸವಳು ನೀರು. ತಿಂಗಳೊಪ್ಪತ್ತಿನಲ್ಲಿ ಜರಡಿಗೆ ಬೆಳ್ಳಗೆ ಉಪ್ಪು ಕಟ್ಟಿ ನೀರು ಅಡ್ಡಾದಿಡ್ಡಿ ಹಾರುತ್ತದೆ. ಬಹಳ ಜನ ಆಗಲೇ ಅದನ್ನು ಕಿತ್ತು ಬಿಸಾಕುತ್ತಾರೆ. ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಇಂಡಿ ತಾಲ್ಲೂಕಿನ ಲಿಂಬೆ ಬೆಳೆಯುವ ಜಿಲ್ಲೆಯಲ್ಲಿ ವಿನೆಗರ್ ಯಾಕೆ ಬೇಕು? ಹಿಂಡಿ ಬಿಟ್ಟ ಎರಡು ಲಿಂಬೆ ಸಿಪ್ಪೆ ಬಿಸಿನೀರಿಗೆ ಹಾಕಿ ಅದರಲ್ಲಿ ಜರಡಿ ಮುಳುಗಿಸಿಟ್ಟರೆ ಬೆಳಿಗ್ಗೆ ಹಳೇ ಬ್ರಶ್ಶಿಗೆ ಉದುರುತ್ತದೆ.

ಇನ್ನೊಂದು ಸಣ್ಣ ವಿಷಯ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗಿನ ನಳಕ್ಕೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕಿಲೋ ಒತ್ತಡ ಬೀಳುತ್ತದೆ. ಅದಕ್ಕೇ ಮೇಲಂತಸ್ತಿನಲ್ಲಿ ಸಣ್ಣಗೆ ಬರುವ ನೀರು ಕೆಳಗಿನ ಮನೆಯಲ್ಲಿ ಸಿಡಿಯುತ್ತದೆ. ಮುಖ ತೊಳೆಯುವ ಬೇಸಿನ್ ಕೆಳಗೆ ಗೋಡೆಯಲ್ಲಿರುವ ಸಣ್ಣ ನಳವನ್ನು (ಆ್ಯಂಗಲ್ ಕಾಕ್) ಅರ್ಧ ಮುಚ್ಚಿಬಿಡಿ, ಅದಕ್ಕೆ ಪೈಸೆ ಖರ್ಚಿಲ್ಲ. ಒತ್ತಡದ ಈ ಮರ್ಮ ನಮ್ಮ ಊರಿಗೆ ಹೊಸದಲ್ಲ. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹಿಯ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಅನ್ನುವ ಕೆರೆ ಆಯಿತು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳಿಗೆ ಸುತ್ತ ಗಾರೆ ಕಟ್ಟಿ ನೆಲದಡಿ ಊರೊಳಗೆ ನೀರು ತಂದರು. ದಾರಿಯಲ್ಲಿ ಒತ್ತಡಕ್ಕೆ ಕೊಳವೆ ಒಡೆಯಬಾರದು, ರಾಡಿ ಕೆಳಗೆ ಕೂರಬೇಕು ಅಂತ ನಡುನಡುವೆ ಗೋಪುರ ಎಬ್ಬಿಸಿದರು. ಅದೇ ಗಂಜ್. ಇವತ್ತಿಗೂ ಊರಿನಲ್ಲಿ ಕೆಲವು ನಿಂತಿವೆ, ನಾವು ಅವಕ್ಕೆ ಬೈಕ್ ಒರಗಿಸಿ ಚಹಾ ಕುಡಿಯುತ್ತೇವೆ. ಮಣ್ಣಿನ ಕೊಳವೆಯಲ್ಲಿ ಅಷ್ಟು ಜೋಪಾನ ಮಾಡಿದವರ ಊರಿನಲ್ಲಿ ಹಿತ್ತಾಳೆ ನಳ ತೊಟ್ಟಿಕ್ಕುತ್ತಿದ್ದರೆ ಬಟ್ಟೆ ಹಾಕಿ ಮಲಗುವ ನಾನೆಂಥ ವಿಜ್ಞಾನ ಮೇಷ್ಟ್ರು!

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ನಳ, ಫ್ಲಶ್ಶು, ಜರಡಿ ಎಲ್ಲದರ ಉಳಿತಾಯವನ್ನೂ ಒಂದೇ ದಿನ ಹಾಳು ಮಾಡುವ ಪೈಪ್ ಒಂದಿದೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಹೊರಗೆ ಚಾಚಿರುವ ಓವರ್‌ಫ್ಲೋ ಪೈಪು. ನಳ ಬರುವ ದಿನ ನಮ್ಮ ಓಣಿಯಲ್ಲಿ ಬೆಳಗಿನ ಜಾವ ಹಬ್ಬದ ಗದ್ದಲ. ಎಲ್ಲರೂ ಮೋಟಾರ್ ಹಚ್ಚುತ್ತಾರೆ. ಆಮೇಲೆ ಒಬ್ಬರು ಪೂಜೆಗೆ ಕೂರುತ್ತಾರೆ, ಒಬ್ಬರು ಮಗುವನ್ನು ಸ್ಕೂಲಿಗೆ ಹೊರಡಿಸುತ್ತಾರೆ, ಒಬ್ಬರು ಮತ್ತೆ ಮಲಗುತ್ತಾರೆ. ನಮ್ಮ ಅರ್ಧ ಎಚ್‌ಪಿ ಮೋಟಾರ್ ಸಾವಿರ ಲೀಟರ್ ಟ್ಯಾಂಕ್ ತುಂಬಲು ಇಪ್ಪತ್ತೈದು ನಿಮಿಷ ತೆಗೆದುಕೊಳ್ಳುತ್ತದೆ, ಅಂದರೆ ನಿಮಿಷಕ್ಕೆ ನಲವತ್ತು ಲೀಟರ್. ಹತ್ತು ನಿಮಿಷ ಮರೆತರೆ ನಾನೂರು ಲೀಟರ್ ರಸ್ತೆಗೆ. ನನ್ನ ಬಚ್ಚಲ ನಳ ಸೋರಿ ಸೋರಿ ನಾನೂರು ಮುಟ್ಟಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕಾಗಿತ್ತು. ಯಾವುದು ಮೊದಲು ರಿಪೇರಿ ಆಗಬೇಕು, ನೀವೇ ಹೇಳಿ.

ಟ್ಯಾಂಕ್ ತುಂಬಿದರೆ ತಾನೇ ಮೋಟಾರ್ ಬಂದ್ ಮಾಡುವ ಫ್ಲೋಟ್ ಸ್ವಿಚ್ ಇದೆ, ಅದೂ ಬೇಡವೆಂದರೆ ಕೂಗುವ ಸೈರನ್ ಇದೆ, ಒಂದೆರಡು ದಿನದ ಸಂತೆಯ ಖರ್ಚು ಅಷ್ಟೆ. ಕೆಳಗಿನ ಸಂಪಿನ ಕಥೆ ಬೇರೆ. ಅಲ್ಲಿ ಬಾಲ್‌ಕಾಕ್ ಇರುತ್ತದೆ, ಆದರೆ ಜನ ಬೇಕಂತಲೇ ಬಿಚ್ಚಿಟ್ಟಿರುತ್ತಾರೆ. ಅದಿದ್ದರೆ ನೀರು ನಿಧಾನ ಬರುತ್ತದೆ, ಬರುವುದೇ ಎರಡು ತಾಸು, ಅಷ್ಟರಲ್ಲಿ ಸಂಪು ತುಂಬದಿದ್ದರೆ ಅಂತ ಭಯ. ಆ ಭಯ ಸುಳ್ಳಲ್ಲ. ಸಣ್ಣ ತೂತಿನ ಅಗ್ಗದ ಬಾಲ್‌ಕಾಕ್ ನಿಜವಾಗಿಯೂ ನೀರು ತಡೆಯುತ್ತದೆ. ಪೈಪಿನ ಅಳತೆಗೆ ಸರಿಯಾದ ದೊಡ್ಡದನ್ನು ಹಾಕಿಸಿದರೆ ಅಷ್ಟು ತಡೆಯುವುದಿಲ್ಲ, ನಾವು ಹಾಕಿಸಿ ಎಂಟು ತಿಂಗಳಾಯಿತು. ಇದರಲ್ಲಿ ನಗರದ ಆಡಳಿತದವರ ಪಾಲೂ ಇದೆ ಬಿಡಿ. ಇಂಥ ದಿನ, ಇಂಥ ಹೊತ್ತಿಗೆ ನೀರು ಬಿಡುತ್ತೇವೆ ಅಂತ ಹೇಳಿ ಹಾಗೇ ಬಿಟ್ಟರೆ ಜನ ನಳ ತೆರೆದಿಟ್ಟು ಕಾಯುವುದಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲದ ನೀರಿಗೆ ಎಲ್ಲರ ಮನೆಯ ನಳವೂ ಬಾಯಿ ತೆರೆದೇ ಇರುತ್ತದೆ.

ಈ ನೀರು ಎಲ್ಲಿಂದ ಬರುತ್ತದೆ ಅಂತ ನಮ್ಮ ಮಕ್ಕಳಿಗೆ ಕೇಳಿದರೆ "ಟ್ಯಾಂಕಿನಿಂದ" ಅನ್ನುತ್ತಾರೆ. ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿ, ಮೂವತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ, ಹೊಳೆಗಿಂತ ಎತ್ತರದಲ್ಲಿರುವ ಈ ಊರಿಗೆ ಪಂಪ್ ಮಾಡಿ ತರುತ್ತಾರೆ. ಅಲ್ಲಿ ನಿಂತಿರುವುದು ಆಲಮಟ್ಟಿಯ ಹಿನ್ನೀರು. ಆ ನೀರಿನ ಕೆಳಗೆ ಹಳೇ ಕೊಲ್ಹಾರ ಇದೆ, ಬಾಗಲಕೋಟೆಯ ಹಳೇ ಊರಿನ ಓಣಿಗಳಿವೆ. ನನ್ನ ಹೆಂಡತಿಯ ತವರುಮನೆಯೂ ಅದರಲ್ಲೇ ಹೋಯಿತು, ಈಗ ನವನಗರದಲ್ಲಿ ಸೆಕ್ಟರ್ ನಂಬರಿನ ಮನೆ. ಪಕ್ಕದ ಮನೆಯ ಮಾಳಿಗೆಯಿಂದ ನೀರು ಸುರಿಯುವಾಗ ಅವಳು ಒಂದು ಮಾತೂ ಆಡುವುದಿಲ್ಲ, ಕಿಟಕಿ ಮುಚ್ಚಿ ಒಳಗೆ ಹೋಗುತ್ತಾಳೆ.

ಬಾಡಿಗೆ ಮನೆಗಳದ್ದು ದೊಡ್ಡ ಪಂಚಾಯಿತಿ. ಬಾಡಿಗೆಯವರು "ಮನೆ ನಮ್ಮದಲ್ಲ, ನಾವ್ಯಾಕೆ ನಳ ಹಾಕಿಸಬೇಕು" ಅನ್ನುತ್ತಾರೆ. ಮಾಲೀಕರು "ನೀರು ಬಳಸುವವರು ಅವರು, ನಾವ್ಯಾಕೆ ಹಾಕಿಸಬೇಕು" ಅನ್ನುತ್ತಾರೆ. ಮೀಟರ್ ಇಲ್ಲದ ಮನೆಯಲ್ಲಿ ಇಬ್ಬರಿಗೂ ಬಿಲ್ ಏರುವುದಿಲ್ಲ, ಹಾಗಾಗಿ ಇಬ್ಬರೂ ಸುಖವಾಗಿದ್ದಾರೆ, ನಳ ಒಂದೇ ಅಳುತ್ತಿದೆ. ನನ್ನ ಅಭಿಪ್ರಾಯ ಕೇಳಿದರೆ ಇದು ಮಾಲೀಕರ ಕೆಲಸ. ಬಾಡಿಗೆಯವರು ವರ್ಷಕ್ಕೆ ಬದಲಾಗುತ್ತಾರೆ, ಫ್ಲಶ್ ಟ್ಯಾಂಕ್ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಈ ಮಾತಿಗೆ ನನ್ನ ಮೇಲೆ ಸಿಟ್ಟಾಗುವ ಮಾಲೀಕರು ಬಹಳ ಇದ್ದಾರೆ, ನಮ್ಮ ಬೀಗರೂ ಒಬ್ಬರು.

ಹೊರಗಿನ ಊರುಗಳಲ್ಲಿ ಇದನ್ನು ಸರ್ಕಾರವೇ ಕೈಗೆತ್ತಿಕೊಂಡಿತ್ತು. ಅಮೆರಿಕದಲ್ಲಿ 1994ರಿಂದ ಮನೆಗೆ ಮಾರುವ ಹೊಸ ಫ್ಲಶ್ ಸುಮಾರು ಆರು ಲೀಟರ್ ಮೀರಬಾರದು ಅಂತ ಕಾನೂನು ಬಂತು. ನ್ಯೂಯಾರ್ಕ್ ನಗರವಂತೂ ಹಳೇ ಪಾಯಿಖಾನೆ ತೆಗೆಸಿದವರಿಗೆ ದುಡ್ಡು ವಾಪಸ್ ಕೊಟ್ಟು, 1994ರಿಂದ 1997ರ ಒಳಗೆ ಸುಮಾರು 13 ಲಕ್ಷ ಫ್ಲಶ್ ಬದಲಿಸಿತು. ಅಷ್ಟು ದೂರ ಯಾಕೆ, ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ಆಬಿದ್ ಸುರ್ತಿ ಅನ್ನುವ ಹಿರಿಯ ಕಲಾವಿದರು 2007ರಲ್ಲಿ ಒಬ್ಬ ಪ್ಲಂಬರನ್ನು ಕರೆದುಕೊಂಡು ಭಾನುವಾರ ಮನೆ ಮನೆಗೆ ಹೋಗಿ ಸೋರುವ ನಳಗಳನ್ನು ಪುಕ್ಕಟೆ ರಿಪೇರಿ ಮಾಡಿಸಲು ಶುರುಮಾಡಿದರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ನನ್ನ ನೀಲಿ ಬಾಟಲಿಗೆ ಧೈರ್ಯ ಬಂದದ್ದು ಅವರಿಂದಲೇ.

ನಗರದ ಆಡಳಿತದವರಿಗೆ ನನ್ನದು ದೊಡ್ಡ ಬೇಡಿಕೆ ಏನಿಲ್ಲ. ನೀರಿನ ಕರ ಕಟ್ಟಿಸಿಕೊಳ್ಳುವ ಕಿಟಕಿಯಲ್ಲಿ ರಸೀದಿ ಜೊತೆ ನಾಲ್ಕು ವಾಸರ್ ಕೊಡಿ. ಸರ್ಕಾರಿ ಶಾಲೆ, ಹಾಸ್ಟೆಲ್, ಬಸ್ ನಿಲ್ದಾಣಗಳಲ್ಲಿ ತಿರುಗಿಸುವ ನಳ ತೆಗೆದು, ಒತ್ತಿದರೆ ಬಂದು ತಾನೇ ನಿಲ್ಲುವ ನಳ ಹಾಕಿಸಿ. ಮೊನ್ನೆ ಪಿಂಚಣಿ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ, ಹೆಸರು ಬೇಡ. ಅಲ್ಲಿಯ ಶೌಚಾಲಯದಲ್ಲಿ ನಳಕ್ಕೆ ತಲೆಯೇ ಇರಲಿಲ್ಲ, ಒಂದು ಬೆಂಡು ತುರುಕಿ ಸುತ್ತ ಸುತಳಿ ಬಿಗಿದಿದ್ದರು, ಅದರ ಬದಿಯಿಂದ ನೀರು ಧಾರೆಯಾಗಿ ಹೋಗುತ್ತಿತ್ತು. ಬಾಗಿಲ ಮೇಲೆ "ನೀರು ಅಮೂಲ್ಯ" ಅಂತ ಬಣ್ಣದಲ್ಲಿ ಬರೆಸಿದ್ದರು. ಬಣ್ಣಕ್ಕೆ ಕೊಟ್ಟ ದುಡ್ಡಿಗೆ ನಳ ಬರುತ್ತಿತ್ತು ಅಲ್ವಾ?

ಇನ್ನು ನಿಮಗೊಂದು ಬೇಡಿಕೆ, ಸಂಪಾದಕರೇ. ಈ ಬೇಸಿಗೆಯಲ್ಲಿ ಖಾಲಿ ಕೊಡದ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದರ ಪಕ್ಕದಲ್ಲೇ, ಅಷ್ಟೇ ಅಳತೆಯಲ್ಲಿ, ಮಾಳಿಗೆಯಿಂದ ರಸ್ತೆಗೆ ಸುರಿಯುವ ಪೈಪಿನ ಫೋಟೊ ಒಂದು ದಿನ ಹಾಕಿ. ನಿಮ್ಮ ಫೋಟೊಗ್ರಾಫರ್ ಎಲ್ಲೂ ಅಲೆಯಬೇಕಿಲ್ಲ. ನಮ್ಮ ಓಣಿಗೆ ನಳ ಬರುವ ದಿನ ಬೆಳಿಗ್ಗೆ ಐದೂವರೆಗೆ ಕಳಿಸಿಕೊಡಿ, ನಾನೇ ಚಹಾ ಮಾಡಿಟ್ಟಿರುತ್ತೇನೆ. ಛತ್ರಿ ತರಲು ಹೇಳಿ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಜ್ಞಾನ ಶಿಕ್ಷಕ, ವಿಜಯಪುರ